ದವಡೆಯೊಳಗಿನ ಬಿಳಿಯ ಕಲೆ ಮತ್ತು ಅವಧಾನ ಭಕ್ತಿ



ಬಸವಾದಿ ಶಿವಶರಣರು ಶರೀರವನ್ನು ಹೇಯವೆಂದು ತಳ್ಳಿದವರಲ್ಲ. 12ನೆಯ ಶತಮಾನಕ್ಕೆ ಮುನ್ನ, ಅನಂತರದಲ್ಲಿಯೂ, ಮುಕ್ತಿಯನ್ನು ಬಯಸಿದ ಅನೇಕರು ದೇಹವನ್ನು ಮಲಭಾಂಡವೆಂದು, ಬಂಧನವೆಂದು ಬಣ್ಣಿಸಿ ಅದನ್ನು ದಂಡಿಸುವುದನ್ನೇ ಸಾಧನೆಯೆಂದು ಬಗೆದರು. ಕಲ್ಯಾಣದ ಶರಣರಾದರೋ ಅದೇ ದೇಹದ ಮೇಲೆ ಇಷ್ಟಲಿಂಗವನ್ನು ಧರಿಸಿ, ಅದೇ ದೇಹದಿಂದ ಕಾಯಕವನ್ನು ಮಾಡಿ, ಅದೇ ದೇಹದಿಂದ ದಾಸೋಹವನ್ನು ಸಲ್ಲಿಸಿದರು. ಶರೀರವನ್ನು ದೇವಾಲಯವಾಗಿ ಕಂಡ ಅಣ್ಣನವರ ದರ್ಶನವು ಇಂದು ಶಾಲೆಯ ಮಕ್ಕಳಿಗೂ ಕಂಠಪಾಠವಾಗಿದೆ. ಆದರೆ ದೇವಾಲಯದ ಗೋಡೆಯ ಒಳಗೆ ಯಾವ ಕಲ್ಲನ್ನು ಇಟ್ಟು ಕಟ್ಟಿದ್ದಾರೆ ಎಂಬುದು ನಿತ್ಯ ಪೂಜಿಸುವವರಿಗೂ ಕಾಣುವುದಿಲ್ಲ. ತನ್ನ ಎಲುಬನ್ನು ತಾನೇ ನೋಡುವ ಅವಕಾಶ ಮನುಷ್ಯನಿಗೆ ದೊರೆತದ್ದು ತೀರ ಇತ್ತೀಚೆಗೆ. ಜರ್ಮನಿಯ ವಿಜ್ಞಾನಿ ರಾಂಟ್‌ಜೆನ್ 1895ರ ನವೆಂಬರಿನಲ್ಲಿ ಎಕ್ಸ್-ರೇ ಕಿರಣಗಳನ್ನು ಕಂಡುಹಿಡಿದರು. ಕೆಲವೇ ವಾರಗಳಲ್ಲಿ, 1896ರ ಜನವರಿಯಲ್ಲಿ, ಅದೇ ದೇಶದ ಒಟ್ಟೊ ವಾಲ್ಕಾಫ್ ಎಂಬ ದಂತವೈದ್ಯರು ತಮ್ಮ ಬಾಯಿಯಲ್ಲಿಯೇ ಫಲಕವನ್ನಿಟ್ಟುಕೊಂಡು, 25 ನಿಮಿಷಗಳ ಕಾಲ ಕದಲದೆ ಕುಳಿತು, ತಮ್ಮ ಹಲ್ಲುಗಳ ಚಿತ್ರವನ್ನು ತೆಗೆದರು. ಇಂದು ಆ ಕೆಲಸಕ್ಕೆ ಕಣ್ಣುಮಿಟುಕಿಸುವಷ್ಟು ಹೊತ್ತೂ ಬೇಡ.

ಹೀಗೆ ಒಳಗಿನದು ಕಾಣತೊಡಗಿದ ಮೇಲೆ ಒಂದು ಹೊಸ ಬಗೆಯ ಅಂಜಿಕೆಯೂ ಹುಟ್ಟಿತು. ನೋವಿಲ್ಲ, ಬಾವಿಲ್ಲ, ಊಟಕ್ಕೆ ತೊಂದರೆಯಿಲ್ಲ. ಆದರೂ ಚಿತ್ರದಲ್ಲಿ ಏನೋ ಇದೆ. ಇಂತಹ ಅಂಜಿಕೆಯ ಎದುರಿನಲ್ಲಿ ವಚನಗಳನ್ನು ಹೇಗೆ ಓದಬೇಕು ಎಂಬುದು ಕುಂದಾಪುರದಲ್ಲಿ ನೆಲೆಸಿರುವ ಒಬ್ಬ ಶಿಕ್ಷಕಿಯ ಬಾಳಿನಲ್ಲಿ ಪ್ರಶ್ನೆಯಾಗಿ ಬಂದಿತು.

ಅವರ ತವರು ಹಾವೇರಿ ಜಿಲ್ಲೆ. ಬೈಂದೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡವನ್ನು ಬೋಧಿಸುತ್ತಾರೆ. ಯಜಮಾನರಿಗೆ ಬ್ರಹ್ಮಾವರದಲ್ಲಿ ಬ್ಯಾಂಕಿನ ಕೆಲಸ. ಇಬ್ಬರಿಗೂ ನಡುವೆಯಾಗಲೆಂದು ಕುಂದಾಪುರದಲ್ಲಿ ಬಾಡಿಗೆಯ ಮನೆ. (ಅವರು ಈ ಕಡೆಗೆ ವರ್ಗವಾಗಿ ಬಂದಾಗ ಬೈಂದೂರೂ ಬ್ರಹ್ಮಾವರವೂ ತಾಲ್ಲೂಕುಗಳಾಗಿರಲಿಲ್ಲ, ಉಡುಪಿ ಜಿಲ್ಲೆಯಲ್ಲಿ ಅವು ಪ್ರತ್ಯೇಕ ತಾಲ್ಲೂಕುಗಳಾದದ್ದು 2018ರಲ್ಲಿ.) ಘಟ್ಟದ ಮೇಲಿನ ಬಯಲುಸೀಮೆಯಿಂದ ಬಂದವರಿಗೆ ಕರಾವಳಿಯ ಮಳೆ, ಭಾಷೆ, ಊಟ ಎಲ್ಲವೂ ಹೊಸತು. ಜಂಗಮರ ಬರವು ಕಡಿಮೆ. ಲಿಂಗಾಯತ ಮನೆಗಳು ವಿರಳ. ಕೆಳದಿಯ ವೀರಶೈವ ಅರಸರು ಬಸರೂರು, ಬಾರಕೂರುಗಳನ್ನು ಆಳಿದ ನೆಲವಿದು ಎಂಬ ಇತಿಹಾಸ ಪುಸ್ತಕದಲ್ಲಿದೆಯೇ ಹೊರತು ಬೆಳಗಿನ ಪೂಜೆಗೆ ವಿಭೂತಿಗಟ್ಟಿಯನ್ನು ಊರಿನಿಂದಲೇ ತರಿಸಬೇಕು. ಆದರೂ ನಿತ್ಯದ ಲಿಂಗಪೂಜೆಯನ್ನು ಅವರು ಒಂದು ದಿನವೂ ತಪ್ಪಿಸಿದವರಲ್ಲ.

2022ರ ಜೂನಿನಲ್ಲಿ ಅವರಿಗೆ ಕೆಳದವಡೆಯ ಬಲಭಾಗದಲ್ಲಿ ಹಲ್ಲುನೋವು ಬಂದಿತು. ಹುಳುಕು ಹಲ್ಲು, ಕೀಳಿಸಿಬಿಟ್ಟರಾಯಿತು ಎಂದುಕೊಂಡು ಕುಂದಾಪುರದ ದಂತವೈದ್ಯರ ಬಳಿಗೆ ಹೋದರು. ವೈದ್ಯರು ಮೊದಲಿಗೆ ಆ ಹಲ್ಲಿನ ಚಿಕ್ಕ ಎಕ್ಸ್-ರೇ ತೆಗೆದರು. ನೋವಿರುವ ಹಲ್ಲಿನ ಹುಳುಕು ಕಂಡಿತು. ಅದರ ಜೊತೆಗೆ ಪಕ್ಕದ ಹಲ್ಲಿನ ಬೇರಿನ ತುದಿಯಲ್ಲಿ, ಯಾವ ಹುಳುಕೂ ಇಲ್ಲದ ಹಲ್ಲಿನ ಬೇರಿನಲ್ಲಿ, ಹತ್ತಿಯ ಉಂಡೆಯಂತಹ ಬಿಳಿಯ ಕಲೆಯೊಂದು ಕಂಡಿತು. ಆಗ ಅವರು ಇಡೀ ದವಡೆಯ ಚಿತ್ರವನ್ನು, ಅಂದರೆ ಓಪಿಜಿಯನ್ನು, ತೆಗೆಸಲು ಹೇಳಿದರು. ಗಲ್ಲವನ್ನು ಒಂದು ಆಧಾರದ ಮೇಲಿಟ್ಟು ನಿಂತರೆ ಯಂತ್ರವು ತಲೆಯ ಸುತ್ತ ಒಂದು ಅರ್ಧಸುತ್ತು ತಿರುಗಿ ಕಿವಿಯಿಂದ ಕಿವಿಯವರೆಗಿನ ಎಲುಬನ್ನು ಒಂದೇ ಹಾಳೆಯಲ್ಲಿ ಬಿಡಿಸಿಡುತ್ತದೆ. ಫಿನ್‌ಲ್ಯಾಂಡಿನ ಪಾಟೆರೊ ಎಂಬ ದಂತವೈದ್ಯರು 20ನೆಯ ಶತಮಾನದ ಮಧ್ಯಭಾಗದಲ್ಲಿ ರೂಪಿಸಿದ ಈ ವಿಧಾನವು ಇಂದು ತಾಲ್ಲೂಕು ಕೇಂದ್ರಗಳಲ್ಲಿಯೂ ದೊರೆಯುತ್ತದೆ. ಆ ಹಾಳೆಯಲ್ಲಿ ಬಲದಲ್ಲಿ ಮೂರು, ಎಡದಲ್ಲಿ ಎರಡು ಬಿಳಿಯ ಮುದ್ದೆಗಳು, ಪ್ರತಿಯೊಂದರ ಸುತ್ತಲೂ ತೆಳ್ಳನೆಯ ಕಪ್ಪು ಅಂಚು ಕಂಡವು.

“ಟೀಚರ್, ನಿಮ್ಮ ನೋವಿಗೂ ಇದಕ್ಕೂ ಸಂಬಂಧವಿಲ್ಲ. ನೋಡಿದರೆ ಕೆಟ್ಟದ್ದರ ಹಾಗೆ ಕಾಣುವುದಿಲ್ಲ. ಆದರೆ ಇದು ಏನೆಂದು ತಿಳಿಯುವ ಮೊದಲು ಹಲ್ಲು ಕೀಳುವುದು ಬೇಡ. ಮಣಿಪಾಲದಲ್ಲಿ ಒಮ್ಮೆ ತೋರಿಸಿ” ಎಂದು ವೈದ್ಯರು ನೋವಿಗೆ ತಾತ್ಕಾಲಿಕ ಔಷಧವನ್ನಿಟ್ಟು ಕಳುಹಿಸಿದರು. ಆ ವೈದ್ಯರು ತಾಳ್ಮೆಯಿಂದ ಹೇಳಿದ ಈ ನಾಲ್ಕು ಮಾತುಗಳ ಬೆಲೆ ಎಷ್ಟೆಂಬುದು ಮುಂದೆ ತಿಳಿಯಿತು.

ಚಿತ್ರದ ಜೊತೆಗಿದ್ದ ವರದಿಯಲ್ಲಿ ಒಂದು ಪದವಿತ್ತು: ಲೀಷನ್. ಭಾಷೆಯನ್ನು ಬೋಧಿಸುವವರಾದುದರಿಂದ ಅವರು ಆ ಪದವನ್ನು ಹಾಗೆಯೇ ಬಿಡಲಿಲ್ಲ. ನಿಘಂಟಿನಲ್ಲಿ ಗಾಯ, ಹುಣ್ಣು ಎಂಬ ಅರ್ಥಗಳಿದ್ದವು. ದವಡೆಯ ಎಲುಬಿನೊಳಗೆ ಐದು ಗಾಯಗಳೇ? ವೈದ್ಯಶಾಸ್ತ್ರದಲ್ಲಿ ಈ ಪದಕ್ಕೆ ಅಷ್ಟು ಕಠೋರವಾದ ಅರ್ಥವಿಲ್ಲ. ಸಹಜ ರಚನೆಗಿಂತ ಬೇರೆಯಾಗಿ ಕಾಣುವ ಯಾವುದೇ ಭಾಗವೂ ಲೀಷನ್ನೇ. ಅದು ಕೆಟ್ಟದ್ದಿರಬಹುದು, ನಿರುಪದ್ರವಿಯಿರಬಹುದು. ಆದರೆ ಕನ್ನಡದಲ್ಲಿ ಅದಕ್ಕೆ ಸರಿಯಾದ ಪದವಿನ್ನೂ ನೆಲೆನಿಂತಿಲ್ಲ. ಆಸ್ಪತ್ರೆಗಳಲ್ಲಿ ಗಡ್ಡೆ ಎನ್ನುತ್ತಾರೆ, ಮತ್ತು ಗಡ್ಡೆ ಎಂದೊಡನೆ ಕೇಳುವವರ ಮನಸ್ಸು ಒಂದೇ ರೋಗದ ಕಡೆಗೆ ಓಡುತ್ತದೆ. ವರದಿಯನ್ನು ರೋಗಿಯ ಕೈಗೆ ಕೊಡುವವರು ಆ ಒಂದು ಪದವನ್ನು ಬಿಡಿಸಿ ಹೇಳಿದರೆ ಎಷ್ಟು ಮನೆಗಳ ನಿದ್ರೆ ಉಳಿದೀತು!

ಈ ಸುದ್ದಿ ಶಾಲೆಯಲ್ಲಿ, ತವರಿನಲ್ಲಿ ಹಬ್ಬಿತು. ಎಲ್ಲರೂ ಪ್ರೀತಿಯಿಂದಲೇ ಸಲಹೆ ಕೊಟ್ಟರು. ಕೊಲ್ಲೂರಿಗೆ ಹೋಗಿ ಬರಬಾರದೇ ಎಂದವರುಂಟು. ಆನೆಗುಡ್ಡೆಗೆ ಕಾಯಿ ಒಪ್ಪಿಸಿ ಎಂದವರುಂಟು. ಮಂದಾರ್ತಿಯಲ್ಲಿ ದೇವಿಯ ಹೆಸರಿನಲ್ಲಿ ಯಕ್ಷಗಾನದ ಬಯಲಾಟವನ್ನು ಹರಕೆಯಾಗಿ ಆಡಿಸುವ ರೂಢಿಯಿದೆ. ಹರಕೆಯ ಆಟಗಳಿಗೆ ವರ್ಷಗಟ್ಟಲೆ ಮುಂಚಿತವಾಗಿ ಹೆಸರು ಬರೆಸಿ ಕಾಯುವವರಿದ್ದಾರೆ. ಸಹೋದ್ಯೋಗಿಯೊಬ್ಬರು, “ಮಂದಾರ್ತಿ ಅಮ್ಮನಿಗೆ ಒಂದ್ ಆಟ ಹೇಳ್ಕಣಿ ಟೀಚರ್, ಎಲ್ಲ ಸಮ ಆತ್ತ್” ಎಂದು ಕೈಹಿಡಿದು ಹೇಳಿದರು. ಅವರ ಕಣ್ಣಿನಲ್ಲಿ ನೀರಿತ್ತು. ಅಂತಹ ಮಾತನ್ನು ಮೂಢನಂಬಿಕೆಯೆಂದು ತಿರಸ್ಕರಿಸುವುದು ಮನುಷ್ಯತ್ವವಲ್ಲ. ತವರಿನಿಂದ ಅವ್ವನೂ ಫೋನಿನಲ್ಲಿ, “ಲಿಂಗಪ್ಪ ನೋಡ್ಕೋತಾನ, ನನ್ನವ್ವಾ, ಅಂಜಬ್ಯಾಡ. ಆದ್ರ ಯಾವುದಕ್ಕೂ ಒಂದ್ ಹರಕಿ ಇರ್ಲಿ” ಎಂದರು. ಮೂರು ಹೊತ್ತು ಲಿಂಗಪೂಜೆ ಮಾಡುವ ಅವ್ವನ ಬಾಯಿಂದಲೂ ಆ ಮಾತು ಬಂದಾಗ ಮಗಳಿಗೆ ನಗು ಬಂದಿತು, ಕರುಳೂ ಚುರುಕ್ಕೆಂದಿತು.

ಅವರು ಹರಕೆ ಹೊರಲಿಲ್ಲ. ಷಟ್‌ಸ್ಥಲದ ಎರಡನೆಯ ಮೆಟ್ಟಿಲಾದ ಮಹೇಶಸ್ಥಲದ ಲಕ್ಷಣವೇ ನಿಷ್ಠೆ. ಒಂದನ್ನು ಹಿಡಿದ ಮೇಲೆ ಕಷ್ಟಕಾಲದಲ್ಲಿ ಮತ್ತೊಂದನ್ನು ಅರಸದಿರುವುದೇ ನಿಷ್ಠೆಯೆಂದು ಶರಣರು ಬೋಧಿಸಿದರು. ಆದರೆ ಆ ದಿನಗಳಲ್ಲಿ ಅವರನ್ನು ಕಾಡಿದ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ಬೆಳಗ್ಗೆ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ದೃಷ್ಟಿಯನ್ನು ನೆಟ್ಟಾಗ ಕಪ್ಪು ಲಿಂಗದ ಮೇಲೆ ಆ ಚಿತ್ರದ ಬಿಳಿಯ ಕಲೆಗಳೇ ಮೂಡುತ್ತಿದ್ದವು. ಮನಸ್ಸು ತನ್ನಷ್ಟಕ್ಕೆ ತಾನೇ, ಇದು ಕೆಟ್ಟದ್ದಾಗದಿರಲಿ ದೇವಾ ಎಂದು ಬೇಡುತ್ತಿತ್ತು. ದೂರದ ಗುಡಿಗೆ ಹರಕೆ ಹೊರದವರು ಅಂಗೈಯಲ್ಲಿರುವ ಲಿಂಗದ ಜೊತೆಗೇ ವ್ಯಾಪಾರಕ್ಕೆ ಕುಳಿತರೆ ಅದು ನಿಷ್ಠೆಯಾಗುವುದೇ? ಹರಕೆಯ ಸ್ಥಳ ಬದಲಾಯಿತೇ ಹೊರತು ಹರಕೆ ತಪ್ಪಿತೇ? ಶರಣರು ಕಾಮ್ಯಭಕ್ತಿಯನ್ನು ನಿಷ್ಠುರವಾಗಿ ಟೀಕಿಸಿದವರು. ಆದರೆ ಸಂಕಟದಲ್ಲಿರುವ ಜೀವವು ಅಳುವುದನ್ನು ಅವರು ಟೀಕಿಸಲಿಲ್ಲ. ಬಸವಣ್ಣನವರ ಎಷ್ಟೋ ವಚನಗಳು ಅಳಲಿನ ವಚನಗಳೇ. ಅಳುವುದು ಬೇರೆ, ಕರಾರು ಮಾಡಿಕೊಳ್ಳುವುದು ಬೇರೆ. ಈ ವ್ಯತ್ಯಾಸವನ್ನು ಹಿಡಿದುಕೊಳ್ಳಲು ಆ ಶಿಕ್ಷಕಿಗೆ ಹಲವು ಬೆಳಗುಗಳು ಬೇಕಾದವು.

ಆ ತಿಂಗಳಲ್ಲಿಯೇ ತರಗತಿಯಲ್ಲಿ ಅಕ್ಕಮಹಾದೇವಿಯ ವಚನವೊಂದನ್ನು ಬೋಧಿಸುವ ಸರದಿ ಬಂದಿತು. ಬೆಟ್ಟ, ಸಮುದ್ರ, ಸಂತೆ ಎಂಬ ಮೂರು ನೆಲೆಗಳನ್ನು ಉದಾಹರಿಸಿ ಅಕ್ಕನು ಅಂಜಿಕೆಯ ಮತ್ತು ನಾಚಿಕೆಯ ಪ್ರಶ್ನೆಯನ್ನೆತ್ತುವ ಆ ವಚನವು ಕನ್ನಡ ಬಲ್ಲವರಿಗೆಲ್ಲ ಪರಿಚಿತವಾದುದು. ಶಾಲೆಗೆ ಹೋಗುವ ದಾರಿಯಲ್ಲಿ ಮರವಂತೆ ಸಿಗುತ್ತದೆ. ಅಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ಮಳೆಗಾಲದಲ್ಲಿ ತೆರೆಗಳು ರಸ್ತೆಯಂಚಿನ ಕಲ್ಲುಗಳಿಗೆ ಅಪ್ಪಳಿಸಿ ನೀರು ಬಸ್ಸಿನ ಕಿಟಕಿಗೆ ಸಿಡಿಯುತ್ತದೆ. ಹುಟ್ಟಿದಂದಿನಿಂದ ಕಡಲ ಮಗ್ಗುಲಲ್ಲಿಯೇ ಇರುವ ಆ ಊರಿನ ಮಕ್ಕಳಿಗೆ ತೆರೆಯೆಂದರೆ ಅಂಜಿಕೆಯಿಲ್ಲ, ಆದರೆ ಲೆಕ್ಕವುಂಟು. ಯಾವ ದಿನ ದೋಣಿ ಇಳಿಯಬಾರದು, ಎಲ್ಲಿ ಈಜಬಾರದು ಎಂಬುದು ಅವರಿಗೆ ಗೊತ್ತು. ವಚನವನ್ನು ಬಿಡಿಸಿ ಹೇಳುತ್ತಿದ್ದಾಗ ಆ ಶಿಕ್ಷಕಿಗೆ, ಎಷ್ಟೋ ವರ್ಷ ಪಾಠ ಹೇಳಿದ್ದರೂ, ಅದುವರೆಗೆ ಕಾಣದಿದ್ದ ಒಂದು ಅಂಶ ಕಂಡಿತು. ಕಾಡಿನಲ್ಲಿ ಮೃಗಗಳೇ ಇಲ್ಲ, ಕಡಲಿನಲ್ಲಿ ತೆರೆಗಳೇ ಇಲ್ಲ ಎಂದು ಅಕ್ಕ ಎಲ್ಲಿಯೂ ಭರವಸೆ ಕೊಡುವುದಿಲ್ಲ. ಅವು ಇವೆ ಎಂಬುದನ್ನು ಒಪ್ಪಿಕೊಂಡೇ ಅವಳ ಮಾತು ಆರಂಭವಾಗುತ್ತದೆ. ಇರುವುದರ ನಡುವೆ ಚಿತ್ತದ ಸಮತೆಯನ್ನು ಹೇಗೆ ಕಾಯ್ದುಕೊಳ್ಳಬೇಕೆಂಬುದೇ ಅವಳ ವಿಷಯ. ಹಾಗಾದರೆ ಎಲುಬಿನೊಳಗೆ ಏನೂ ಇಲ್ಲವೆಂಬ ಭರವಸೆಯನ್ನು ದೇವರಿಂದ ಬೇಡುವುದಕ್ಕಿಂತ, ಇರುವುದು ಯಾವ ಮೃಗವೆಂದು ತಿಳಿಯುವುದು ಮೊದಲು ಮಾಡಬೇಕಾದ ಕೆಲಸವಲ್ಲವೇ?

ಹೆಜ್ಜೆಗುರುತನ್ನು ನೋಡಿ ಮೃಗವನ್ನು ಹೇಳುವವರು ಕಾಡಿನಲ್ಲಿರುವಂತೆ, ನೆರಳನ್ನು ನೋಡಿ ಎಲುಬಿನ ಸ್ಥಿತಿಯನ್ನು ಹೇಳುವವರು ದಂತವೈದ್ಯಕೀಯದಲ್ಲಿಯೂ ಇದ್ದಾರೆ. ಬಾಯಿಯ ರೋಗನಿದಾನ ಮತ್ತು ವಿಕಿರಣಶಾಸ್ತ್ರವೆಂಬ ಒಂದು ಪ್ರತ್ಯೇಕ ವಿಭಾಗವೇ ದಂತವೈದ್ಯಕೀಯ ಕಾಲೇಜುಗಳಲ್ಲಿ ಇರುತ್ತದೆಂಬುದು ಅನೇಕರಿಗೆ ತಿಳಿಯದು. ಮಣಿಪಾಲದ ದಂತವೈದ್ಯಕೀಯ ಕಾಲೇಜು 1965ರಲ್ಲಿ ಆರಂಭವಾದುದು; ಕುಂದಾಪುರ, ಬೈಂದೂರುಗಳ ಜನರಿಗೆ ಹಲ್ಲಿನ ದೊಡ್ಡ ತೊಂದರೆಯೆಂದರೆ ಅಂದಿನಿಂದಲೂ ಮಣಿಪಾಲವೇ ಗತಿ. 2022ರ ಆಗಸ್ಟಿನ ಮೊದಲ ವಾರ, ಶ್ರಾವಣ ಮಾಸ ಆರಂಭವಾಗಿ ಕೆಲವೇ ದಿನಗಳು ಕಳೆದಿದ್ದವು. ಬಸ್ಸು ಕೋಟ, ಸಾಲಿಗ್ರಾಮಗಳನ್ನು ದಾಟಿ, ಮಾಬುಕಳದಲ್ಲಿ ತುಂಬಿ ಹರಿಯುವ ಸೀತಾನದಿಯನ್ನು ದಾಟಿತು. ಬ್ರಹ್ಮಾವರದಲ್ಲಿ ಯಜಮಾನರು ರಜೆ ಹಾಕಿ ಹತ್ತಿಕೊಂಡರು. ಕಲ್ಯಾಣಪುರದ ಬಳಿ ಸ್ವರ್ಣಾ ನದಿ ಬರುವವರೆಗೆ ಇಬ್ಬರೂ ಹೆಚ್ಚು ಮಾತನಾಡಲಿಲ್ಲ.

ಅಲ್ಲಿ ನಡೆದ ಪರೀಕ್ಷೆಯು ಬಹು ಸರಳವಾದುದು. ಬಿಳಿಯ ಕಲೆಗಳಿದ್ದ ಒಂದೊಂದು ಹಲ್ಲಿಗೂ ತಣ್ಣನೆಯ ವಸ್ತುವನ್ನು ತಾಗಿಸಿ, ಚಳಿ ಗೊತ್ತಾಗುತ್ತದೆಯೇ ಎಂದು ಕೇಳಿದರು. ಎಲ್ಲ ಹಲ್ಲುಗಳಿಗೂ ಗೊತ್ತಾಯಿತು. ಅಂದರೆ ಹಲ್ಲಿನ ಜೀವ ಆರೋಗ್ಯವಾಗಿದೆ. ಬೇರಿನ ತುದಿಯಲ್ಲಿರುವುದು ಕೀವಿನ ಗಂಟಲ್ಲ. ಈ ಒಂದು ಪರೀಕ್ಷೆಯನ್ನು ಬಿಟ್ಟರೆ ಆರೋಗ್ಯವಾದ ಹಲ್ಲಿಗೆ ಬೇರಿನ ಚಿಕಿತ್ಸೆ ಮಾಡಿಬಿಡುವ ಸಂಭವ ಉಂಟು. ಅನಂತರ ಎಲುಬನ್ನು ಮೂರು ಆಯಾಮಗಳಲ್ಲಿ ತೋರಿಸುವ ಸ್ಕ್ಯಾನ್ ತೆಗೆದರು. ದವಡೆ ಉಬ್ಬಿರಲಿಲ್ಲ, ಎಲುಬಿನ ಹೊರಗೋಡೆ ಒಡೆದಿರಲಿಲ್ಲ, ತುಟಿಯ ಸ್ಪರ್ಶಜ್ಞಾನ ಸರಿಯಾಗಿತ್ತು. ಮಧ್ಯವಯಸ್ಸಿನ ಮಹಿಳೆ, ಕೆಳದವಡೆಯ ಎರಡೂ ಕಡೆ, ಜೀವವಿರುವ ಹಲ್ಲುಗಳ ಬೇರಿನ ಸುತ್ತ, ಕಪ್ಪು ಅಂಚಿನ ಬಿಳಿಯ ಮುದ್ದೆಗಳು: ಇಷ್ಟು ಗುರುತುಗಳು ಕೂಡಿದಾಗ ವೈದ್ಯರು ಹೇಳಿದ ಹೆಸರು ಫ್ಲೋರಿಡ್ ಸಿಮೆಂಟೋ-ಆಸಿಯಸ್ ಡಿಸ್‌ಪ್ಲೇಸಿಯಾ. ಮೆಲ್ರೋಸ್ ಮತ್ತು ಅವರ ಸಂಗಡಿಗರು 1976ರಲ್ಲಿ ವಿವರವಾಗಿ ನಿರೂಪಿಸಿದ ಸ್ಥಿತಿಯಿದು. ಸಹಜವಾದ ಎಲುಬಿನ ಸ್ಥಾನದಲ್ಲಿ ಮೊದಲು ನಾರಿನಂತಹ ಅಂಗಾಂಶ ಬೆಳೆಯುತ್ತದೆ. ಆಗ ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ವರ್ಷಗಳು ಕಳೆದಂತೆ ಅದರೊಳಗೆ ಗಟ್ಟಿಯಾದ ಎಲುಬಿನಂತಹ ವಸ್ತು ಕೂಡಿ ಬಿಳಿಯಾಗುತ್ತದೆ. ಆಫ್ರಿಕಾ ಮೂಲದ ಮಹಿಳೆಯರಲ್ಲಿ ಹೆಚ್ಚು, ಪೂರ್ವ ಏಷ್ಯಾದವರಲ್ಲಿಯೂ ಉಂಟು, ಭಾರತದಲ್ಲಿ ವಿರಳ. ಇದು ಕ್ಯಾನ್ಸರ್ ಅಲ್ಲ.

“ಹಾಗಾದರೆ ತೆಗೆದುಬಿಡುತ್ತೀರಾ ಸಾರ್?” ಎಂದು ಯಜಮಾನರು ಕೇಳಿದರು.

“ಇಲ್ಲ. ಚೂರು ತೆಗೆದು ಪರೀಕ್ಷೆಗೆ ಕಳಿಸುವುದೂ ಬೇಡ. ಮುಟ್ಟದೆ ಬಿಟ್ಟರೆ ಅದು ಅದರಷ್ಟಕ್ಕೆ ಇರುತ್ತದೆ. ಅಮ್ಮನವರು ಹಲ್ಲು, ಒಸಡು ಜೋಪಾನ ಮಾಡಬೇಕು. ವರ್ಷಕ್ಕೊಮ್ಮೆ ಬಂದು ತೋರಿಸಿದರೆ ಸಾಕು.”

ಇದರ ಕಾರಣವನ್ನು ತಿಳಿದುಕೊಳ್ಳುವುದು ಅಗತ್ಯ. ಗಟ್ಟಿಯಾದ ಈ ಮುದ್ದೆಗಳಿಗೆ ರಕ್ತದ ಹರಿವು ಬಹಳ ಕಡಿಮೆ. ಅಲ್ಲಿ ಹಲ್ಲು ಕಿತ್ತರೆ, ಕೊರೆದರೆ, ಒಸಡಿನ ಸೋಂಕು ಒಳಗಿಳಿದರೆ, ಗಾಯ ಮಾಯುವುದು ಕಷ್ಟವಾಗಿ ಎಲುಬೇ ಕೊಳೆಯುವ ಅಪಾಯವುಂಟು. ಸುಮ್ಮನೆ ಮಲಗಿದ್ದುದನ್ನು ಕೆಣಕಿ ರೋಗವನ್ನಾಗಿ ಮಾಡಿಕೊಂಡಂತೆ. ಕುಂದಾಪುರದ ವೈದ್ಯರು ಹಲ್ಲು ಕೀಳದೆ ನಿಲ್ಲಿಸಿದ್ದು ಈ ದೃಷ್ಟಿಯಿಂದ ದೊಡ್ಡ ಉಪಕಾರವಾಯಿತು. ನೋವಿದ್ದ ಹಲ್ಲಿಗೆ ಅವರೇ ಬೇರಿನ ಚಿಕಿತ್ಸೆ ಮಾಡಿ ಅದನ್ನು ಉಳಿಸಿದರು.

ದವಡೆಯ ಚಿತ್ರಗಳಲ್ಲಿ ಹೀಗೆ ಆಕಸ್ಮಿಕವಾಗಿ ಕಾಣುವ ನಿರುಪದ್ರವಿ ಕಲೆಗಳು ಇನ್ನೂ ಕೆಲವಿವೆ. ಯಾವ ಕಾರಣವೂ ಇಲ್ಲದೆ ಎಲುಬಿನೊಳಗೆ ಒಂದೆಡೆ ಎಲುಬೇ ದಟ್ಟವಾಗಿ, ದ್ವೀಪದಂತೆ ಬಿಳಿಯಾಗಿ ಕಾಣುವುದುಂಟು. ಅದಕ್ಕೆ ಕಪ್ಪು ಅಂಚಿರುವುದಿಲ್ಲ, ಚಿಕಿತ್ಸೆಯೂ ಬೇಕಿಲ್ಲ. ಅಮೆರಿಕದ ಸ್ಟಾಫ್ನೆ ಎಂಬುವರು 1942ರಲ್ಲಿ 35 ಜನರ ದವಡೆಯ ಮೂಲೆಯ ಬಳಿ ಕಪ್ಪನೆಯ ಗುಳಿಗಳನ್ನು ಕಂಡು ವರದಿ ಮಾಡಿದರು. ಅದು ಗಡ್ಡೆಯೇ ಅಲ್ಲ. ದವಡೆಯ ಒಳಮಗ್ಗುಲಲ್ಲಿ ಆದ ತಗ್ಗು, ಸಾಮಾನ್ಯವಾಗಿ ಲಾಲಾಗ್ರಂಥಿಯ ಅಂಶವು ಅದರಲ್ಲಿ ಕುಳಿತಿರುತ್ತದೆ. ಎಲ್ಲವೂ ಹೀಗೆ ಸೌಮ್ಯವೆಂದು ಕಣ್ಣುಮುಚ್ಚುವಂತಿಲ್ಲ. ಕ್ಯಾನ್ಸರ್ ಅಲ್ಲದಿದ್ದರೂ ದವಡೆಯನ್ನು ತಿನ್ನುತ್ತ ಬೆಳೆಯುವ ಅಮೆಲೋಬ್ಲಾಸ್ಟೋಮಾದಂತಹ ಗಡ್ಡೆಗಳಿವೆ, ಅವನ್ನು ತೆಗೆಯಲೇಬೇಕು. ದವಡೆಯಲ್ಲಿ ಹಲವು ಎಲುಬಿನ ಗಂಟುಗಳಿದ್ದರೆ ಅದು ಕರುಳಿನ ಒಂದು ಆನುವಂಶಿಕ ರೋಗದ ಮುನ್ಸೂಚನೆಯೂ ಆಗಿರಬಹುದು. ಆಗ ಕರುಳಿನ ಪರೀಕ್ಷೆ ಅಗತ್ಯ. ಊತ, ಹಲ್ಲು ಸಡಿಲವಾಗುವುದು, ತುಟಿ ಮರಗಟ್ಟುವುದು ಇವುಗಳಲ್ಲಿ ಯಾವುದಿದ್ದರೂ ಕಾಯುತ್ತ ಕೂರಬಾರದು.

ಇಲ್ಲಿ ವೈದ್ಯ ಸಂಗಣ್ಣನವರ ನೆನಪು ಬರುವುದು ಸಹಜ. ವೈದ್ಯವನ್ನೇ ಕಾಯಕವಾಗಿ ಮಾಡಿದ ಈ ಶರಣರು ‘ಮರುಳಶಂಕರಪ್ರಿಯ ಸಿದ್ಧರಾಮೇಶ್ವರಲಿಂಗ’ ಎಂಬ ಅಂಕಿತದಿಂದ ವಚನಗಳನ್ನು ರಚಿಸಿದರು. ವೈದ್ಯದ ಪರಿಭಾಷೆಯಲ್ಲಿಯೇ ತತ್ತ್ವವನ್ನು ಹೇಳಿದರು. ಔಷಧ ಕೊಡುವುದೂ ಶಿವಾರ್ಚನೆಗೆ ಸಮನಾದ ಕಾಯಕವೆಂದು ಅನುಭವ ಮಂಟಪವು ಒಪ್ಪಿತ್ತೆಂಬುದಕ್ಕೆ ಅವರ ಬಾಳೇ ಸಾಕ್ಷಿ. ಲಿಂಗವನ್ನು ನಂಬಿದವರು ವೈದ್ಯರ ಬಳಿ ಹೋಗುವುದು ನಿಷ್ಠೆಗೆ ಕುಂದೆಂದು ಇಂದಿಗೂ ಅಲ್ಲಲ್ಲಿ ಕೇಳಿಬರುವ ಮಾತಿಗೆ ಶರಣಧರ್ಮದಲ್ಲಿ ಯಾವ ಆಧಾರವೂ ಇಲ್ಲ.

ಅಂದು ಮಣಿಪಾಲದಿಂದ ಹಿಂದಿರುಗಿದ ಶಿಕ್ಷಕಿಗೆ ಸಂತೋಷವಾಯಿತು. ಆದರೆ ಸಂಪೂರ್ಣ ಸಮಾಧಾನವಾಗಲಿಲ್ಲ. ಇದೆ, ಆದರೆ ಏನೂ ಮಾಡಬೇಕಾಗಿಲ್ಲ ಎಂಬ ಸ್ಥಿತಿಯನ್ನು ಮನಸ್ಸು ಸುಲಭವಾಗಿ ಒಪ್ಪುವುದಿಲ್ಲ. ಶಸ್ತ್ರಚಿಕಿತ್ಸೆಯಾದರೆ ಮುಗಿಯಿತೆಂಬ ನೆಮ್ಮದಿಯುಂಟು. ತವರಿನ ಬಂಧುಗಳು, ಮತ್ತೊಬ್ಬ ದೊಡ್ಡ ಡಾಕ್ಟರರಿಗೆ ತೋರಿಸಿ ತೆಗೆಸಿಬಿಡಿ, ಒಳಗೆ ಇಟ್ಟುಕೊಂಡು ಎಷ್ಟು ದಿನ ಇರುತ್ತೀರಿ ಎಂದು ಒತ್ತಾಯಿಸಿದರು. ಆಗ ಅವರಿಗೆ ಆಸರೆಯಾದುದು ಷಟ್‌ಸ್ಥಲದ ಮೂರನೆಯ ಮೆಟ್ಟಿಲಾದ ಪ್ರಸಾದಿಸ್ಥಲ. ಭಕ್ತನಿಗೆ ಶ್ರದ್ಧೆ, ಮಹೇಶನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ, ಪ್ರಾಣಲಿಂಗಿಗೆ ಅನುಭವ, ಶರಣನಿಗೆ ಆನಂದ, ಐಕ್ಯನಿಗೆ ಸಮರಸ ಎಂದು ಆರು ಸ್ಥಲಗಳಿಗೆ ಆರು ಬಗೆಯ ಭಕ್ತಿಯನ್ನು ಹೇಳುತ್ತಾರೆ. ಪ್ರಸಾದವೆಂದರೆ ಬಂದುದನ್ನು ಒಪ್ಪಿಕೊಳ್ಳುವುದು ಎಂದಷ್ಟೇ ಸಾಮಾನ್ಯವಾಗಿ ಅರ್ಥ ಹೇಳಿ ಮುಗಿಸುವುದುಂಟು. ಹಾಗಿದ್ದರೆ ಪ್ರಸಾದಿಯ ಭಕ್ತಿಗೆ ಅವಧಾನವೆಂದು ಹೆಸರೇಕೆ? ಅವಧಾನವೆಂದರೆ ಎಚ್ಚರ, ಕೈಗೆ ಬಂದ ಪದಾರ್ಥವನ್ನು ಗಮನವಿಟ್ಟು ನೋಡಿ, ಅರಿತು, ಲಿಂಗಕ್ಕೆ ಅರ್ಪಿಸಿ, ಅನಂತರ ಸ್ವೀಕರಿಸುವ ಎಚ್ಚರ. ಕಣ್ಣುಮುಚ್ಚಿ ನುಂಗಿದ್ದು ಪ್ರಸಾದವಾಗುವುದಿಲ್ಲ. ಹೆದರಿ ಉಗುಳಿದ್ದೂ ಪ್ರಸಾದವಾಗುವುದಿಲ್ಲ. ಮುಟ್ಟಬೇಡಿ, ಆದರೆ ನೋಡುತ್ತಿರಿ ಎಂದು ವೈದ್ಯರು ಹೇಳಿದ ಮಾತಿಗೂ ಇದಕ್ಕೂ ಇರುವ ಹೋಲಿಕೆ ಅವರಿಗೆ ಶ್ರಾವಣದ ಒಂದು ಸೋಮವಾರ ಪೂಜೆಯಲ್ಲಿ ಕುಳಿತಿದ್ದಾಗ ಹೊಳೆಯಿತು. ಅಂದು ಅಂಗೈಯಲ್ಲಿ ಲಿಂಗವಷ್ಟೇ ಇತ್ತು. ಮರುದಿನ ಮತ್ತೆ ಬಿಳಿಯ ಕಲೆಗಳು ಬಂದವು. ಅನುಭಾವವು ಒಂದೇ ದಿನದಲ್ಲಿ ನೆಲೆಗೊಳ್ಳುವುದೆಂದು ಯಾವ ಶರಣರೂ ಹೇಳಿಲ್ಲ.

ಅವಧಾನಕ್ಕೆ ಇನ್ನೊಂದು ಮುಖವೂ ಉಂಟು. ಮನೆಯ ಒಡತಿ, ಎಪ್ಪತ್ತು ದಾಟಿದ ವೃದ್ಧೆ, ಪಕ್ಕದ ಭಾಗದಲ್ಲಿಯೇ ವಾಸ. ಊಟವಾದ ಮೇಲೆ ಹೊಗೆಸೊಪ್ಪು ಸೇರಿಸಿ ಎಲೆ ಅಡಿಕೆ ಹಾಕುವುದು ಅವರ ಐವತ್ತು ವರ್ಷಗಳ ರೂಢಿ. ಶಿಕ್ಷಕಿಯ ದವಡೆಯ ವಿಷಯ ಕೇಳಿ ಅತ್ತವರಲ್ಲಿ ಅವರೂ ಒಬ್ಬರು. ಅದೇ ಅಮ್ಮ ಇತ್ತೀಚೆಗೆ ಸಾರಿಗೆ ಖಾರ ಕಡಿಮೆ ಮಾಡಿಸುತ್ತಿದ್ದುದನ್ನು, ಬಾಯಿ ಉರಿಯುತ್ತದೆಂದು ಹೇಳುತ್ತಿದ್ದುದನ್ನು ಮನೆಯವರಾರೂ ಗಮನಿಸಿರಲಿಲ್ಲ. 2023ರ ಆಗಸ್ಟಿನಲ್ಲಿ ವಾರ್ಷಿಕ ಪರೀಕ್ಷೆಗೆ ಹೊರಡುವ ಮುನ್ನಾದಿನ ಶಿಕ್ಷಕಿಯು, “ಅಮ್ಮಾ, ಒಮ್ಮೆ ಬಾಯಿ ತೆರೆಯಿರಿ” ಎಂದು ಟಾರ್ಚು ಹಿಡಿದು ನೋಡಿದರು. ಎಡಗೆನ್ನೆಯ ಒಳಗೆ, ಎಲೆ ಅಡಿಕೆ ಒತ್ತರಿಸಿಡುವ ಜಾಗದಲ್ಲಿ, ಒರೆಸಿದರೆ ಹೋಗದ ಬಿಳಿಯ ಮಚ್ಚೆಯಿತ್ತು.

ಎಲುಬಿನೊಳಗೆ ಅಡಗಿದ್ದ ನಿರುಪದ್ರವಿ ಬಿಳುಪಿಗೆ ಎರಡು ಊರುಗಳು ಹರಕೆ ಹೊರಲು ಹೊರಟಿದ್ದವು. ಕನ್ನಡಿಯಲ್ಲಿ ಕಾಣುವಂತಿದ್ದ ಈ ಬಿಳುಪಿಗೆ ಒಬ್ಬರೂ ಅಂಜಿರಲಿಲ್ಲ. ಹೊಗೆಸೊಪ್ಪು ಮಾತ್ರವಲ್ಲ, ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿಯೇ ಪ್ರಕಟಿಸಿದೆ. ತಾಂಬೂಲವು ಮಂಗಳದ್ರವ್ಯವಾಗಿರುವ, ಅಡಿಕೆಯೇ ಅನೇಕ ಮನೆಗಳ ಅನ್ನವಾಗಿರುವ ನಾಡಿನಲ್ಲಿ ಈ ಮಾತು ಕಹಿಯೆನಿಸುವುದು ಸಹಜ. ಆದರೂ ಹೇಳದೆ ವಿಧಿಯಿಲ್ಲ.

ಮರುದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಮಣಿಪಾಲಕ್ಕೆ ಹೋದರು. ಶಿಕ್ಷಕಿಯ ಚಿತ್ರವನ್ನು ಹಿಂದಿನ ವರ್ಷದ ಚಿತ್ರದ ಪಕ್ಕದಲ್ಲಿಟ್ಟು ನೋಡಿ ಐದು ನಿಮಿಷಗಳಲ್ಲಿ ಕಳುಹಿಸಿದರು. ವೃದ್ಧೆಯ ಕೆನ್ನೆಯಿಂದ ಮಾತ್ರ ಚೂರು ತೆಗೆದು ಪರೀಕ್ಷೆಗೆ ಕಳುಹಿಸಿದರು. ಒಬ್ಬರಿಗೆ ಮಾಡಬಾರದ್ದು ಇನ್ನೊಬ್ಬರಿಗೆ ಮಾಡಲೇಬೇಕಾಗಿತ್ತು. ಹಿಂದಿರುಗುವಾಗ ಕೆನ್ನೆಯಲ್ಲಿ ಹತ್ತಿಯನ್ನಿಟ್ಟುಕೊಂಡಿದ್ದ ಅಮ್ಮ, “ನಿಮ್ದ್ ಎಂತ ಹೇಳ್ದ್ರ್ ಟೀಚರ್ರೆ?” ಎಂದು ಕೇಳಿದರು.

“ಇದ್ದ ಹಾಗೇ ಇದೆಯಂತೆ, ಅಮ್ಮಾ.”

“ಹಾಂಗಾರೆ ಅದ್ ಅಲ್ಲೇ ಇರ್ಲಿ” ಎಂದು ವೃದ್ಧೆ ಕಿಟಕಿಗೆ ತಲೆಯಾನಿಸಿದರು.

ವಾರ ಕಳೆದು ವರದಿ ಬಂದಿತು. ಕ್ಯಾನ್ಸರ್ ಆಗಿರಲಿಲ್ಲ; ಆದರೆ ಜೀವಕೋಶಗಳಲ್ಲಿ ಬದಲಾವಣೆ ಆರಂಭವಾಗಿತ್ತು. ಎಲೆ ಅಡಿಕೆ ಬಿಡಬೇಕು, ಮೂರು ತಿಂಗಳಿಗೊಮ್ಮೆ ತೋರಿಸಬೇಕು ಎಂದು ವೈದ್ಯರು ಹೇಳಿದರು. ಐವತ್ತು ವರ್ಷಗಳ ರೂಢಿಯನ್ನು ಬಿಡುವುದು ಸುಲಭವಲ್ಲ. ಮೊದಲ ತಿಂಗಳು ಅಮ್ಮ ಮೂರು ಸಲ ಮುನಿಸಿಕೊಂಡರು. ಒಮ್ಮೆ ಹಿತ್ತಿಲಿನಲ್ಲಿ ಅಡಗಿ ಹಾಕಿಕೊಂಡದ್ದನ್ನು ಮೊಮ್ಮಗಳು ಕಂಡು ಹೇಳಿದಳು. ಈಗ ಹಿತ್ತಾಳೆಯ ಎಲೆಪೆಟ್ಟಿಗೆಯಲ್ಲಿ ಎರಡು ಮನೆಗಳ ಆಸ್ಪತ್ರೆಯ ಚೀಟಿಗಳಿರುತ್ತವೆ. ಮೂರು ತಿಂಗಳಿಗೊಮ್ಮೆ ಶನಿವಾರ ಶಾಲೆ ಬಿಟ್ಟ ಮೇಲೆ ಹೊರಡುವ ದಿನವನ್ನು ಗೊತ್ತುಮಾಡುವವರು ಅಮ್ಮನೇ. ಹಿಂದಿನ ರಾತ್ರಿಯೇ ಗೋಡೆಯಾಚೆಯಿಂದ ಕೂಗಿ ನೆನಪಿಸುತ್ತಾರೆ.